ವಯಸ್ಸಿನದು, ಬಿಡಿ

ಕೋಯಂಬೇಡಿನ ಹೂವಿನ ಮಾರುಕಟ್ಟೆ ರಾತ್ರಿಯಿಡೀ ಎದ್ದಿರುತ್ತದೆ. 1996ರಲ್ಲಿ ಕೊತ್ತವಾಲ್ ಚಾವಡಿಯ ಇಕ್ಕಟ್ಟಿನಿಂದ ಮದರಾಸಿನ ಸಗಟು ವ್ಯಾಪಾರ ಇಲ್ಲಿಗೆ ಬಂತು. ಕೋಲಾರದ ಟೊಮೇಟೊ, ಹೊಸೂರಿನ ಗುಲಾಬಿ ಎಲ್ಲ ಇಳಿಯುವುದು ಊರು ಮಲಗಿರುವಾಗಲೇ. ಆ ನಸುಕಿನಲ್ಲಿ ಅತ್ತಿಗೆ, ನಾದಿನಿ ಇಬ್ಬರೂ ಹೋಗಿ ಅರಳದ ಮಲ್ಲಿಗೆ ತಂದಿದ್ದರು. ಬಂಧುಗಳ ಹುಡುಗಿಯೊಬ್ಬಳಿಗೆ ಸಂಜೆ ಸೀಮಂತ, ಅವಳಿಗೆ ಮೊಗ್ಗಿನ ಜಡೆ ಆಗಬೇಕಿತ್ತು. ಅತ್ತಿಗೆಗೆ 63. ಮದುವೆಯಾಗಿ ಮೈಸೂರಿನಿಂದ ಬಂದು ಇಲ್ಲಿನ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ನಾದಿನಿಗೆ 51, ಬೆಂಗಳೂರಿನ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಹೇಳುತ್ತಾಳೆ. ಮನೆಯ ಯಜಮಾನರು ವಾಕಿಂಗಿಗೆ ಹೋಗಿದ್ದರು. ಬಾಳೆಪಟ್ಟೆ ಕತ್ತರಿಸಿ ಕೊಡುವುದು ನನ್ನ ಕೆಲಸ. ಮಾತೆಲ್ಲ ಅವರಿಬ್ಬರದೇ.

ಅತ್ತಿಗೆ: ಈಗ ಹೇಳು, ಮಾರ್ಕೆಟ್ಟಲ್ಲಿ ಯಾಕೆ ಅತ್ತೆ? ಹೂವಿನವಳು ತೂಕದಲ್ಲಿ ಮೋಸ ಮಾಡಿದ್ಲು ಅಂತ ಅಳೋ ಹೆಂಗಸಲ್ಲ ನೀನು.

ನಾದಿನಿ: ಅಳಲಿಲ್ಲ ಅತ್ತಿಗೆ, ಬೆವರು. ಒಳಗೆ ಗಾಳಿ ಇರ್ಲಿಲ್ಲ.

ಅತ್ತಿಗೆ: ಬೆವರೂ ನೋಡ್ದೆ. ಕುತ್ತಿಗೆಯಿಂದ ಮೇಲೆ ಕೆಂಪಗಾಗಿ ಸೆರಗಲ್ಲಿ ಬೀಸ್ಕೊಂಡೆ. ಅದಾದ್ಮೇಲೆ ಗೋಣಿಚೀಲದ ಮೇಲೆ ಕೂತು ಅತ್ತೆ. ರಾತ್ರಿ ನಿದ್ದೆ ಬಂತಾ?

ನಾದಿನಿ: ಎರಡು ಗಂಟೆಗೆ ಎಚ್ಚರ ಆಯ್ತು. ಅದೇನು ಹೊಸದಲ್ಲ. ಮುಟ್ಟು ಏರುಪೇರಾಗೋಕೆ ಶುರುವಾದಾಗಿಂದ ಹೀಗೇ. ಎಚ್ಚರ ಆದ್ಮೇಲೆ ಸುಮ್ಮನೆ ಎದೆ ಹೊಡ್ಕೊಳತ್ತೆ, ಯಾರಿಗೋ ಏನೋ ಆಗೋಗಿದೆ ಅನ್ನೋ ಹಾಗೆ. ಡಾಕ್ಟರಿಗೂ ಹೇಳ್ದೆ. "ವಯಸ್ಸಿನದು, ಬಿಡಿ. ಕ್ಯಾಲ್ಶಿಯಂ ತಗೊಳ್ಳಿ" ಅಂದ್ರು.

ಅತ್ತಿಗೆ: ಅದೇ ಮಾತು ನನಗೂ ಹೇಳಿದ್ರು. ಅದನ್ನ ನಂಬಿ ಹತ್ತು ವರ್ಷಕ್ಕೂ ಮೇಲೆ ಹಾಳು ಮಾಡ್ಕೊಂಡೆ. ನೀನು ಹಾಗೆ ಮಾಡ್ಬೇಡ. ಮನೋವೈದ್ಯರ ಹತ್ರ ಹೋಗು.

ನಾದಿನಿ: ನಿದ್ದೆ ಬರಲ್ಲ ಅಂದ್ರೆ ಮನೋವೈದ್ಯರಾ! ನಂಗೇನಾಗಿದೆ ಅಂತ ನಂಗೊತ್ತು ಅತ್ತಿಗೆ. ಅತ್ತೆಗೆ ಮರೆವಿನ ಕಾಯಿಲೆ. ಮಗ ಕೆನಡಾದಲ್ಲಿ. ಕಾಲೇಜಲ್ಲಿ ಪಾಠಕ್ಕಿಂತ ಫೈಲು ಜಾಸ್ತಿ. ಮನೆಗೆ ಬಂದ್ರೆ ಒಲೆ. ಇಷ್ಟೆಲ್ಲ ಇರೋವಾಗ ತಪ್ಪೆಲ್ಲ ಹಾರ್ಮೋನಿನ ತಲೆಗೆ ಕಟ್ಟೋದು ನಂಗೆ ಒಪ್ಪಿಗೆ ಇಲ್ಲ. ಗಂಡಸು ಇದೇ ವಯಸ್ಸಲ್ಲಿ ಸಿಡುಕಿದ್ರೆ "ಪಾಪ, ಆಫೀಸಿನ ಟೆನ್ಷನ್" ಅಂತೀವಿ. ಹೆಂಗಸು ಸಿಡುಕಿದ್ರೆ ಮೆನೋಪಾಸು.

ಅತ್ತಿಗೆ: ಟೆನ್ಷನ್ ಇಲ್ಲ ಅಂತ ಯಾರಂದ್ರು? ಒಲೆ ಮೂವತ್ತು ವರ್ಷದಿಂದ ಇದೆ, ಫೈಲೂ ಇದೆ. ಎರಡು ಗಂಟೆಗೆ ಎದೆ ಹೊಡ್ಕೊಳ್ಳೋದು ಈಗ್ಲೇ ಯಾಕೆ ಶುರುವಾಯ್ತು, ಅದನ್ನ ಹೇಳು.

ನಾದಿನಿ ಉತ್ತರ ಕೊಡದೆ ಸೂಜಿಗೆ ದಾರ ಪೋಣಿಸಿದಳು. ಪ್ರಶ್ನೆ ಸರಿಯಾದದ್ದೇ. ಮುಟ್ಟು ನಿಂತಿತು ಎಂದು ವೈದ್ಯರು ಹೇಳುವುದು ಹನ್ನೆರಡು ತಿಂಗಳು ಸತತವಾಗಿ ಬಾರದಿದ್ದಾಗ. ನಮ್ಮ ದೇಶದಲ್ಲಿ ಅದು ಸರಾಸರಿ 46–47ರ ಹೊತ್ತಿಗೆ, ಪಶ್ಚಿಮದವರಿಗೆ 51ಕ್ಕೆ. ಆದರೆ ಮನಸ್ಸಿನ ಮೇಲೆ ಪೆಟ್ಟು ಹೆಚ್ಚಾಗಿ ಬೀಳುವುದು ನಿಲ್ಲುವ ಮುಂಚಿನ ಏರುಪೇರಿನ ವರ್ಷಗಳಲ್ಲಿ ಮತ್ತು ನಿಂತ ಮೇಲಿನ ಒಂದೆರಡು ವರ್ಷದಲ್ಲಿ. ಈಸ್ಟ್ರೋಜನ್ ಒಮ್ಮೆ ಏರಿ ಒಮ್ಮೆ ಕುಸಿಯುತ್ತಿರುತ್ತದೆ. ಮಿದುಳಿನಲ್ಲಿ ಮನಸ್ಥಿತಿಯನ್ನೂ ನಿದ್ದೆಯನ್ನೂ ನೋಡಿಕೊಳ್ಳುವ ಸೆರೊಟೋನಿನ್ ಅದರ ಜೊತೆ ಅಲ್ಲಾಡುತ್ತದೆ. ರಾತ್ರಿ ಬೆವರು ಬಂದು ನಿದ್ದೆ ಕೆಟ್ಟರೆ ಹಗಲು ಕೆಡುವುದಕ್ಕೆ ಬೇರೆ ಕಾರಣವೂ ಬೇಕಿಲ್ಲ.

ನಾದಿನಿ: ನಿಮ್ಮದು ಬೇರೆ ಕಥೆ ಅತ್ತಿಗೆ. ನಿಮಗೆ ತಾನಾಗಿ ನಿಲ್ಲಲಿಲ್ಲ, ನಿಲ್ಲಿಸಿದ್ರು.

ಅತ್ತಿಗೆ: ಹೌದು, 2003ರಲ್ಲಿ. ನಂಗೆ 41. ರಕ್ತಸ್ರಾವ ಜಾಸ್ತಿ ಅಂತ ಹೋದೆ. ಗರ್ಭಕೋಶದ ಜೊತೆ ಅಂಡಾಶಯಾನೂ ತೆಗೆದ್ರು. "ಮಕ್ಕಳಾಗಿದಾವಲ್ಲ, ಇಟ್ಕೊಂಡು ಏನ್ಮಾಡ್ತೀರಿ?" ಅಂದ್ರು. ಬೇರೆಯವರು ಒಂದೊಂದೇ ಮೆಟ್ಟಿಲು ಇಳೀತಾರೆ, ನನ್ನನ್ನ ಮಾಳಿಗೆ ಮೇಲಿಂದ ತಳ್ಳಿದ ಹಾಗಾಯ್ತು. ತಿಂಗಳೊಳಗೆ ಬ್ಯಾಂಕಿನ ಕೌಂಟರಲ್ಲಿ ನೋಟು ಎಣಿಸೋಕೆ ಕೈ ನಡುಗೋದು. ಹಾರ್ಮೋನ್ ಮಾತ್ರೆ ಕೇಳಿದ್ರೆ "ಬೇಡಮ್ಮ, ಅಮೆರಿಕದಲ್ಲಿ ದೊಡ್ಡ ಪರೀಕ್ಷೆ ಮಾಡಿದಾರೆ, ಕ್ಯಾನ್ಸರ್ ಬರತ್ತೆ" ಅಂದ್ರು.

ನಾದಿನಿ: 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದ್ರಲ್ಲ, ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅಂತ.

ಅತ್ತಿಗೆ: ಅದೇ. ಆ ಪರೀಕ್ಷೆಯಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಈಗಿನ ನನ್ನ ವಯಸ್ಸು! ಎರಡು ಹಾರ್ಮೋನ್ ಸೇರಿಸಿ ಕೊಟ್ಟವರಲ್ಲಿ ಹತ್ತು ಸಾವಿರ ಹೆಂಗಸರಿಗೆ ವರ್ಷಕ್ಕೆ ಎಂಟು ಸ್ತನ ಕ್ಯಾನ್ಸರ್ ಜಾಸ್ತಿ ಆಗಿತ್ತಂತೆ. ಅದನ್ನ ತಂದು 41ರ ನನಗೆ ಹಚ್ಚಿದ್ರು. 60ರ ಒಳಗಿದ್ದು, ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡಿದ್ರೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭ ಜಾಸ್ತಿ ಅಂತ ಆಮೇಲೆ ಹೇಳಿದ್ರು. ಅಷ್ಟು ಹೊತ್ತಿಗೆ ನನ್ನ ಕಾಲ ಮುಗಿದಿತ್ತು. ಕಡೆಗೆ ಮನೋವೈದ್ಯರು ಖಿನ್ನತೆಗೆ ಮಾತ್ರೆ ಕೊಟ್ರು, ವಾರಕ್ಕೊಂದು ಸಲ ಕೂತು ಮಾತಾಡ್ಸಿದ್ರು. ಮೂರನೇ ತಿಂಗಳು ಒಂದು ಬೆಳಿಗ್ಗೆ ಕಾಫಿ ಘಮ ಮೂಗಿಗೆ ಬಂತು ನೋಡು! ಅಲ್ಲಿತನಕ ಕುಡೀತಿದ್ದೆ ಅಷ್ಟೆ.

ನಾದಿನಿ: ನೀವೇ ಹೇಳೋ ಕಥೇಲಿ ತಪ್ಪೆಲ್ಲ ಡಾಕ್ಟರುಗಳದ್ದೇ ಇದೆಯಲ್ಲ ಅತ್ತಿಗೆ! ಮೊದಲು ಬೇಡದ್ದನ್ನ ಕತ್ತರಿಸಿದ್ರು, ಆಮೇಲೆ ಬೇಕಾದ್ದನ್ನ ಕೊಡಲಿಲ್ಲ. 2015–16ರ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 15ರಿಂದ 49ರೊಳಗಿನ ಹೆಂಗಸರಲ್ಲಿ ನೂರಕ್ಕೆ ಮೂರು ಜನಕ್ಕೆ ಗರ್ಭಕೋಶ ತೆಗೆದಾಗಿದೆ. ಮೂರರಲ್ಲಿ ಎರಡು ಪಾಲು ಖಾಸಗಿ ಆಸ್ಪತ್ರೇಲಿ. ಬೇಡದ ಆಪರೇಷನ್ ತಡೀರಿ ಅಂತ 2023ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳ್ಬೇಕಾಯ್ತು. ಅದೇ ಬಾಗಿಲಿಗೆ ಮತ್ತೆ ಹೋಗು ಅಂತೀರಲ್ಲ.

ಅತ್ತಿಗೆ: ಕೆಟ್ಟ ಅಡುಗೆಯವಳು ಸಿಕ್ಕಿದ್ಲು ಅಂತ ಊಟ ಬಿಡ್ತೀಯಾ?

ನಾದಿನಿ: ಊಟ ಬಿಡಲ್ಲ, ಏನು ಹಾಕಿದಾರೆ ಅಂತ ನೋಡ್ತೀನಿ. ಈ ವಿದ್ಯೆಯ ಚರಿತ್ರೆ ಓದಿದವಳು ನಾನು. "ಇನ್‌ವಲ್ಯೂಷನಲ್ ಮೆಲಂಕೋಲಿಯಾ" ಅಂತ ಒಂದು ಕಾಯಿಲೆ ಇತ್ತು. ಇಳಿವಯಸ್ಸಿನ ವಿಷಾದ. ಮುಟ್ಟು ನಿಂತ ಹೆಂಗಸು ಅತ್ರೆ ಸಾಕು, ಆ ಹಣೆಪಟ್ಟಿ. ಅಂಥದೊಂದು ಬೇರೆ ಕಾಯಿಲೆ ಇದೆ ಅನ್ನೋಕೆ ಸಾಕ್ಷಿ ಸಿಗ್ಲಿಲ್ಲ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಿಂದ ಅದನ್ನ ಕೈಬಿಟ್ರು. ಅದಕ್ಕೂ ಮುಂಚೆ 1966ರಲ್ಲಿ ರಾಬರ್ಟ್ ವಿಲ್ಸನ್ ಅನ್ನೋ ಡಾಕ್ಟರು, ಮುಟ್ಟು ನಿಲ್ಲೋದೇ ಒಂದು ಕೊರತೆಯ ರೋಗ, ಹಾರ್ಮೋನ್ ತಗೊಂಡ್ರೆ ಸದಾ ಹೆಣ್ಣಾಗಿರ್ತೀರಿ ಅಂತ ಪುಸ್ತಕ ಬರೆದ. ಲಕ್ಷಗಟ್ಟಲೆ ಮಾರಾಟ ಆಯ್ತು. ಒಂದು ಸಲ ಹುಚ್ಚು ಅಂದ್ರು, ಇನ್ನೊಂದು ಸಲ ಕೊರತೆ ಅಂದ್ರು. ಅವಳ ಮನೇಲಿ ಏನು ನಡೀತಿದೆ ಅಂತ ಕೇಳಿದವರು ಕಮ್ಮಿ.

ಅತ್ತಿಗೆ: ಪುಸ್ತಕದಿಂದ ತೆಗೆದುಹಾಕಿದ್ರು ಸರಿ. ನನ್ನೊಳಗಿಂದ ಹೋಗ್ಲಿಲ್ಲವಲ್ಲ ಅದು.

ನಾದಿನಿ: ನಿಮ್ಮ ಸಂಕಟ ಸುಳ್ಳು ಅಂತಿಲ್ಲ ನಾನು. ಮಾರ್ಷಾ ಫ್ಲಿಂಟ್ ಅನ್ನೋ ಮಾನವಶಾಸ್ತ್ರಜ್ಞೆ ರಾಜಸ್ಥಾನ, ಹಿಮಾಚಲದ ರಜಪೂತ ಹೆಂಗಸರನ್ನ ಮಾತಾಡ್ಸಿ 1975ರಲ್ಲಿ ಬರೆದಳು. ಮುಟ್ಟು ನಿಂತದ್ದು ಬಿಟ್ರೆ ಅವರಿಗೆ ಹೆಚ್ಚೇನೂ ತೊಂದರೆ ಇರ್ಲಿಲ್ಲವಂತೆ. ಯಾಕೆ ಗೊತ್ತಾ? ಅಲ್ಲಿ ಮುಟ್ಟು ನಿಂತ ಮೇಲೆ ಪರದೆಯಿಂದ ಹೊರಗೆ ಬರಬಹುದು, ಗಂಡಸರ ಜೊತೆ ಕೂತು ಮಾತಾಡಬಹುದು. ಜಪಾನಿನ ಹೆಂಗಸರು ಈ ಬಿಸಿ ಏರೋದನ್ನ ಹೇಳೋದೇ ಕಮ್ಮಿ ಅಂತ ಮಾರ್ಗರೆಟ್ ಲಾಕ್ 1993ರಲ್ಲಿ ಬರೆದಿದಾಳೆ. ದೇಹ ಒಂದೇ ಅಲ್ವಾ? ಬದುಕು ಬೇರೆ ಆದ್ರೆ ಅನುಭವಾನೂ ಬೇರೆ ಆಗತ್ತೆ.

ಅತ್ತಿಗೆ ನಕ್ಕುಬಿಟ್ಟರು. ನಗುತ್ತಲೇ ಒಂದು ಮೊಗ್ಗು ಸೂಜಿಯಿಂದ ಸೀಳಿತು, ಅದನ್ನು ಬದಿಗಿಟ್ಟರು.

ಅತ್ತಿಗೆ: ನನಗೇನು ಬಹುಮಾನ ಸಿಕ್ತು ಹೇಳ್ಲಾ? ಆಪರೇಷನ್ ಆಗಿ ಬಂದ ಮೇಲೆ ನಿಮ್ಮಮ್ಮ ಅಂದ್ರು, "ಇನ್ನು ನಿನಗೆ ಹೊರಗೆ ಕೂರೋದು ಇಲ್ಲ. ಮಡಿ ಅಡುಗೆಗೆ ಅಡ್ಡಿಯಿಲ್ಲ" ಅಂತ. ಅಲ್ಲಿತನಕ ತಿಂಗಳಿಗೆ ಮೂರು ದಿನ ಒಲೆ ಮುಂದೆ ನಿಲ್ಲದೆ ಕಾದಂಬರಿ ಓದ್ತಿದ್ದೆ. ಅದೂ ಹೋಯ್ತು. ಶ್ರಾದ್ಧ, ಏಕಾದಶಿ ಪಾರಣೆ, ಎಲ್ಲ ನನ್ನ ತಲೆಗೆ ಬಂತು. ನಿನ್ನ ರಜಪೂತರಿಗೆ ಬಾಗಿಲು ತೆಗೀತು, ನಂಗೆ ಅಡುಗೆಮನೆ ಬಾಗಿಲು ಹಾಕ್ತು.

ನಾದಿನಿ: ಹಾಗಾದ್ರೆ ನನ್ನ ಮಾತೇ ಗೆದ್ದ ಹಾಗಾಯ್ತು. ನಿಮ್ಮನ್ನ ಕೆಡಿಸಿದ್ದು ಅಡುಗೆಮನೆ.

ಅತ್ತಿಗೆ: ಅಡುಗೆಮನೆಗೆ ಕೈ ನಡುಗಲ್ಲ ಕಣೇ.

ನಾದಿನಿ: ದೇವರ ಲೆಕ್ಕದಲ್ಲೂ ನಾವು ತಿಂಗಳ ಲೆಕ್ಕವೇ ಅತ್ತಿಗೆ. ಶಬರಿಮಲೆಯಲ್ಲಿ ಹತ್ತರಿಂದ ಐವತ್ತು ಬೇಡ. 2018ರ ತೀರ್ಪು ಬಂದ ಮೇಲೂ ಜಗಳ ನಿಂತಿಲ್ಲ. ಈಗ ನಂಗೆ 51, ನಾನು ಶುದ್ಧ.

ಅತ್ತಿಗೆ: ಎಲ್ಲ ದೇವರನ್ನೂ ಒಂದೇ ತಕ್ಕಡೀಲಿ ಹಾಕ್ಬೇಡ. ಬೆಳಿಗ್ಗೆ ಮೊಗ್ಗು ಕೊಟ್ಳಲ್ಲ, ಅವಳು ಪ್ರತಿವರ್ಷ ಕೆಂಪು ಸೀರೆ ಉಟ್ಟು ಮೇಲ್‌ಮರುವತ್ತೂರಿಗೆ ಹೋಗ್ತಾಳೆ. ಅಲ್ಲಿ ಮುಟ್ಟಿದ್ರೂ ಹೆಂಗಸರು ಗರ್ಭಗುಡಿಗೆ ಹೋಗಬಹುದು. ಅವಳ ಗಂಡ ಕಪ್ಪು ಉಟ್ಟು ಶಬರಿಮಲೆಗೆ ಹೋಗ್ತಾನೆ. ಒಂದೇ ಮನೆ, ಎರಡು ದೇವರು, ಎರಡು ಕಾನೂನು.

ನಾದಿನಿ: ಅವಳನ್ನೇ ತಗೊಳ್ಳಿ. ಐವತ್ತೈದು ಇರ್ಬಹುದು. ರಾತ್ರಿ ಹನ್ನೆರಡಕ್ಕೆ ಬಂದು ಕೂರ್ತಾಳೆ, ಮಧ್ಯಾಹ್ನ ಮನೆಗೆ ಹೋಗಿ ಮೊಮ್ಮಗು ನೋಡ್ಕೋತಾಳೆ. ಅವಳಿಗೆ ನಿದ್ದೆ ಇಲ್ಲದ್ದಕ್ಕೆ ಯಾವ ಹಾರ್ಮೋನ್ ಕೊಡ್ತೀರಿ?

ಅತ್ತಿಗೆ: ಅವಳನ್ನ ನೀನು ಇವತ್ತು ನೋಡಿದ್ದು, ನಾನು ಹತ್ತು ವರ್ಷದಿಂದ ನೋಡಿದೀನಿ. 2020ರಲ್ಲಿ ಕೊರೊನಾ ಹಬ್ಬಿತು ಅಂತ ಮೇ ತಿಂಗಳಲ್ಲಿ ಈ ಮಾರ್ಕೆಟ್ ಮುಚ್ಚಿ, ತರಕಾರಿಯವರನ್ನ ತಿರುಮಳಿಸೈಗೆ ಕಳಿಸಿದ್ರು. ತಿಂಗಳುಗಟ್ಟಲೆ ಅವಳಿಗೆ ವ್ಯಾಪಾರ ಇಲ್ಲ, ಸಾಲ ಬೇರೆ. ಆಗ ಅವಳ ಎದೆ ಹೊಡ್ಕೊಳ್ಳಲಿಲ್ಲವಂತೆ, ಜಗಳ ಆಡ್ಕೊಂಡು ಬದುಕಿದ್ಲು. ಎಲ್ಲ ಸರಿಹೋಗಿ ಅಂಗಡಿ ತೆಗೆದ ಮೇಲೆ, ಮುಟ್ಟು ನಿಲ್ಲೋ ಹೊತ್ತಲ್ಲಿ, ಹೂವಿನ ಮೇಲೆ ಚಿಮುಕಿಸೋ ನೀರನ್ನ ತಲೆ ಮೇಲೆ ಸುರ್ಕೊಂಡು ಅಳ್ತಾ ಕೂತಿದ್ಲು. ನಾನೇ ನೋಡಿದೀನಿ. ಏನಮ್ಮ ಅಂದ್ರೆ ಗೊತ್ತಿಲ್ಲ ಅಂದ್ಲು. ಅವಳಿಗೆ ದುಡ್ಡಿನ ಕಷ್ಟ ಬೇರೆ, ಇದು ಬೇರೆ ಅಂತ ತಿಳೀತಿತ್ತು. ನಿನಗೆ ತಿಳೀತಿಲ್ಲ.

ನಾದಿನಿ: ಆಮೇಲೆ ಅವಳು ಏನು ಮಾಡಿದ್ಲು?

ಅತ್ತಿಗೆ: ಏನು ಮಾಡ್ತಾಳೆ? ಒಂದೂವರೆ ವರ್ಷ ಹಾಗೇ ಇದ್ದು, ಆಮೇಲೆ ತಾನಾಗಿ ತಿಳಿಯಾಯ್ತು.

ನಾದಿನಿ: ನೋಡಿ, ಡಾಕ್ಟರಿಲ್ಲದೆ.

ಅತ್ತಿಗೆ: ಹೌದು, ಬಹಳ ಜನಕ್ಕೆ ತಿಳಿಯಾಗತ್ತೆ. ಆ ಒಂದೂವರೆ ವರ್ಷಾನ ಬಾಡಿಗೆಗೆ ಕೊಟ್ಟಿದ್ಲಾ ಅವಳು? ಅವಳದ್ದೇ ಆಯುಸ್ಸಲ್ವಾ ಅದು?

ಇಲ್ಲಿ ನನ್ನದೊಂದು ಮಾತು. ಇಬ್ಬರೂ ಒಬ್ಬಳೇ ಹೂವಿನವಳನ್ನು ತಮ್ಮ ತಮ್ಮ ಕಡೆಗೆ ಎಳೆಯುತ್ತಿದ್ದರು. ವೈದ್ಯರ ಬಳಿ ಕೂರುವುದಕ್ಕೆ ಅವಳಿಗೆ ಯಾವ ಹೊತ್ತು ಬಿಡುವಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ರಾತ್ರಿ ದುಡಿದು ಹಗಲು ಮಗು ನೋಡುವವಳಿಗೆ ಹೊರರೋಗಿ ವಿಭಾಗದ ಬೆಳಗಿನ ಸಾಲು ಎಂದರೆ ಇರುವ ನಿದ್ದೆಯನ್ನೂ ಕೊಟ್ಟಂತೆ.

ಅತ್ತಿಗೆ: ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿಮ್ಮಮ್ಮ.

ನಾದಿನಿ: ಅಮ್ಮನ ವಿಷಯ ಯಾಕೆ ಈಗ?

ಅತ್ತಿಗೆ: ನಾನು ಈ ಮನೆಗೆ ಬಂದಾಗ ಅವರಿಗೆ ನಲವತ್ತೆಂಟು. ರಾತ್ರಿ ಎದ್ದು ತೊಳೆದ ಪಾತ್ರೆಯನ್ನೇ ಮತ್ತೆ ತೊಳೀತಿದ್ರು. ಹಿತ್ತಲಲ್ಲಿ ಕೂತು ಅಳ್ತಿದ್ರು, ನಾನು ಹೋದ್ರೆ ಬೈಯ್ತಿದ್ರು. ಎಂಥ ಬೈಗುಳ ಅಂತ ನಿಂಗೂ ಗೊತ್ತು. ಇಪ್ಪತ್ತು ವರ್ಷ ಅವರನ್ನ ದ್ವೇಷ ಮಾಡ್ದೆ. ನನಗೆ ಅದೇ ಬಂದ ಮೇಲೆ ತಿಳೀತು, ಪಾಪ, ಅವರಿಗೆ ಹುಷಾರಿರ್ಲಿಲ್ಲ ಅಂತ.

ನಾದಿನಿ: ಬೇಡ ಅತ್ತಿಗೆ, ಅದನ್ನ ಹೇಳ್ಬೇಡಿ. ಅಮ್ಮನಿಗೆ ಹುಷಾರಿತ್ತು. ಸಿಟ್ಟಿತ್ತು. ಇಂಟರ್‌ಮೀಡಿಯಟ್‌ನಲ್ಲಿ ಫಸ್ಟ್ ಕ್ಲಾಸ್ ಬಂದವಳನ್ನ ಹದಿನೆಂಟಕ್ಕೆ ಮದುವೆ ಮಾಡಿ ಒಲೆ ಮುಂದೆ ನಿಲ್ಲಿಸಿದ್ರು. ಅಪ್ಪ ಅವಳ ಒಡವೆ ಅಡವಿಟ್ಟು ಸೈಟ್ ತಗೊಂಡು ತನ್ನ ಹೆಸರಿಗೆ ಮಾಡ್ಕೊಂಡ್ರು. ಮೂವತ್ತು ವರ್ಷ ನುಂಗಿದ್ದು ಒಂದು ದಿನ ಹೊರಗೆ ಬಂತು. ನೀವು ಅದನ್ನ ಹಾರ್ಮೋನ್ ಅಂದ್ಬಿಟ್ರೆ ಅಪ್ಪ ಬಚಾವಾಗ್ತಾರೆ.

ಅತ್ತಿಗೆ: ನೀನು ಅದನ್ನ ಬರೀ ಸಿಟ್ಟು ಅಂದ್ಬಿಟ್ರೆ, ಅವರು ಆ ಸಿಟ್ಟನ್ನ ನನ್ನ ಮೇಲೆ ತೀರಿಸ್ಕೊಂಡದ್ದು ಬೇಕೂ ಅಂತಲೇ ಆಗತ್ತೆ. ಹುಷಾರಿರ್ಲಿಲ್ಲ ಅಂದ್ಕೊಂಡು ನಾನು ಅವರನ್ನ ಕ್ಷಮಿಸಿದೀನಿ. ಅದನ್ನ ಕಿತ್ಕೋಬೇಡ.

ಸ್ವಲ್ಪ ಹೊತ್ತು ಸೂಜಿಗಳಷ್ಟೇ ಆಡಿದವು. ಸತ್ತವರ ರೋಗ ಯಾವುದೆಂದು ತೀರ್ಮಾನಿಸುವುದು ವೈದ್ಯರಿಂದಲೂ ಆಗುವುದಿಲ್ಲ, ಸಮಾಜಶಾಸ್ತ್ರದಿಂದಲೂ ಆಗುವುದಿಲ್ಲ. ಒಬ್ಬಳಿಗೆ ಆ ಹೆಂಗಸು ರೋಗಿಯಾಗಿರಬೇಕಿತ್ತು, ಇನ್ನೊಬ್ಬಳಿಗೆ ಆಗಿರಬಾರದಿತ್ತು.

ನಾದಿನಿ: ಸರಿ. ಹೋಗ್ತೀನಿ ಅಂದ್ಕೊಳ್ಳಿ. ಅಲ್ಲಿ ಏನು ಮಾಡ್ತಾರೆ?

ಅತ್ತಿಗೆ: ಮೊದಲು ರಕ್ತ. ಥೈರಾಯ್ಡು, ಬಿ12, ರಕ್ತಹೀನತೆ ಇದ್ಯಾ ನೋಡ್ತಾರೆ. ನಮ್ಮ ವಯಸ್ಸಲ್ಲಿ ಅವೂ ಹೀಗೇ ಮುಖ ತೋರಿಸ್ತಾವೆ. ಎಲ್ಲಾನೂ ಮೆನೋಪಾಸ್ ಅಂದ್ಕೊಂಡು ಥೈರಾಯ್ಡ್ ಬಿಟ್ಟವರನ್ನೂ ನೋಡಿದೀನಿ. ಆ ಮಟ್ಟಿಗೆ ನಿನ್ನ ಮಾತು ಒಪ್ತೀನಿ. ಆಮೇಲೆ ಮುಂಚೆ ಯಾವತ್ತಾದ್ರೂ ಖಿನ್ನತೆ ಆಗಿತ್ತಾ ಅಂತ ಕೇಳ್ತಾರೆ. ಹೆರಿಗೆ ಆದ್ಮೇಲೆ ನೀನು ಮಗೂನ ಮುಟ್ಟದೆ ಮಲಗಿದ್ದೆ, ನೆನಪಿದ್ಯಾ?

ನಾದಿನಿ: ಬಾಣಂತಿ ಸುಸ್ತು ಅಂದಿದ್ರು.

ಅತ್ತಿಗೆ: ಆಗ ಸುಸ್ತು, ಈಗ ವಯಸ್ಸು. ಒಂದು ಸಲ ಬಂದವರಿಗೆ ಈ ಹೊತ್ತಲ್ಲಿ ಮತ್ತೆ ಬರೋ ಸಾಧ್ಯತೆ ಜಾಸ್ತಿ. ಅದನ್ನ ಹೇಳು ಅವರಿಗೆ.

ನಾದಿನಿ: ನೀವು ಹೋಗಿದ್ದು ಅಣ್ಣಾನಗರದ ಸ್ಕಾರ್ಫ್‌ಗಾ? ಇಲ್ಲಿಂದ ಹತ್ತಿರ ಅಲ್ವಾ?

ಅತ್ತಿಗೆ: ಹತ್ತಿರವೇ. 1984ರಲ್ಲಿ ಶಾರದಾ ಮೆನನ್ ಕಟ್ಟಿದ್ದು. ಮಂಗಳೂರಲ್ಲಿ ಹುಟ್ಟಿದವರು, ದೇಶದ ಮೊದಲ ಮಹಿಳಾ ಮನೋವೈದ್ಯೆ. ಕಿಲ್ಪಾಕ್ ಮಾನಸಿಕ ಆಸ್ಪತ್ರೆಯ ಮೊದಲ ಮಹಿಳಾ ಸೂಪರಿಂಟೆಂಡೆಂಟೂ ಅವರೇ. ಆದ್ರೆ ಅದು ಸ್ಕಿಜೋಫ್ರೇನಿಯಾಕ್ಕೆ ಅಂತ ಶುರುವಾದ ಸಂಸ್ಥೆ. ಬೋರ್ಡಲ್ಲಿ ಆ ಹೆಸರು ನೋಡಿ ಆಟೋದಿಂದ ಇಳೀಲೇ ಇಲ್ಲ ನಾನು. ಬೇರೆ ಕಡೆ ಹೋದೆ. ಅಲ್ಲಿ ಇನ್ನೊಂದು ತೊಡಕು. ನಲವತ್ತು ವರ್ಷದಿಂದ ತಮಿಳಲ್ಲಿ ಲೆಕ್ಕ ಬರೀತೀನಿ, ಜಗಳ ಆಡ್ತೀನಿ, ಒಳಗಿನದ್ದು ಮಾತ್ರ ಆ ಭಾಷೇಲಿ ಬರ್ಲಿಲ್ಲ. ಈಗ ಟೆಲಿ–ಮಾನಸ್ ಇದೆ, 14416. 2022ರ ಅಕ್ಟೋಬರಲ್ಲಿ ಶುರುವಾಯ್ತು, ಹಿಂದೆ ನಿಮ್ಹಾನ್ಸ್ ಇದೆ. ಹಗಲೂ ರಾತ್ರಿ ಯಾವಾಗ ಬೇಕಾದ್ರೂ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಎರಡು ಗಂಟೆಗೆ ಎಚ್ಚರ ಆಗೋಳಿಗೆ ಅದೇ ಸರಿ.

ನಾದಿನಿ: ಇಷ್ಟೆಲ್ಲ ಗೊತ್ತಿದೆ. ಅಣ್ಣನಿಗೆ ಗೊತ್ತಾ ನೀವು ಮಾತ್ರೆ ತಗೊಳ್ಳೋದು?

ಅತ್ತಿಗೆ: ಗೊತ್ತು.

ನಾದಿನಿ: ಯಾವ ಮಾತ್ರೆ ಅಂತ ಗೊತ್ತಾ?

ಅತ್ತಿಗೆ: ಬಿಪಿ ಅಂದಿದೀನಿ.

ನಾದಿನಿ: ಅತ್ತಿಗೆ! ಬೆಳಿಗ್ಗೆಯಿಂದ ನಂಗೆ ಇದು ಕಾಯಿಲೆ, ನಾಚಿಕೆ ಯಾಕೆ ಅಂತ ಉಪದೇಶ ಮಾಡಿ, ನೀವೇ ಬಿಪಿ ಡಬ್ಬೀಲಿ ಬಚ್ಚಿಟ್ಟಿದೀರಾ? ಅವನಿಗೆ ಹೇಳೋಕಾಗದ ಮನೇಲಿ ಇದೀರಲ್ಲ, ಅದೇ ನಾನು ಹೇಳ್ತಿರೋ ಕಾಯಿಲೆ.

ಅತ್ತಿಗೆ: ನಿಮ್ಮಣ್ಣ ಕೆಟ್ಟವರಲ್ಲ. ಹೇಳಿದ್ರೆ ಹೆದರ್ಕೋತಾರೆ. ನಾನು ಒಂದು ಸಲ ದನಿ ಎತ್ತಿದ್ರೆ "ಮಾತ್ರೆ ತಗೊಂಡ್ಯಾ?" ಅಂತಾರೆ. ಆಮೇಲೆ ನನ್ನ ಸಿಟ್ಟಿಗೆ ಬೆಲೆ ಇರಲ್ಲ.

ನಾದಿನಿ: ನಾನು ಹೇಳಿದ್ದೂ ಇದೇ ಅಲ್ವಾ?

ಅತ್ತಿಗೆ: ಅದೇ ಇರ್ಬಹುದು. ಆದ್ರೂ ಮಾತ್ರೆ ಬಿಡಲ್ಲ ನಾನು. ನೀನು ಕೆಲಸ ಹಂಚ್ಕೊಳ್ಳಿ ಅಂತ ಕಾಲೇಜಲ್ಲಿ ಪಾಠ ಮಾಡ್ತೀಯಲ್ಲ, ನಿನ್ನೆ ಹೊರಡೋ ಮುಂಚೆ ಏನು ಮಾಡಿ ಬಂದೆ?

ನಾದಿನಿ: ಏನಿಲ್ಲ.

ಅತ್ತಿಗೆ: ಸುಳ್ಳು ಹೇಳ್ಬೇಡ.

ನಾದಿನಿ: ಸಾರು ಮಾಡಿ ಫ್ರಿಜ್ಜಲ್ಲಿಟ್ಟೆ. ಎರಡು ಪಲ್ಯ. ಡಬ್ಬಿ ಮೇಲೆ ಯಾವತ್ತಿಗೆ ಯಾವುದು ಅಂತ ಚೀಟಿ ಅಂಟಿಸ್ದೆ.

ಅತ್ತಿಗೆ: ಚೀಟಿ ಬೇರೆ!

ಇಬ್ಬರೂ ನಕ್ಕರು. ನಕ್ಕ ರಭಸಕ್ಕೆ ನಾದಿನಿಯ ಮುಖ ಮತ್ತೆ ಕೆಂಪೇರಿತು. ಅತ್ತಿಗೆ ಮಾತಾಡದೆ ಎದ್ದು ಫ್ಯಾನಿನ ವೇಗ ಹೆಚ್ಚಿಸಿದರು. ಮೊಗ್ಗೆಲ್ಲ ಹಾರಿ ಚಾಪೆಯ ತುಂಬ ಚೆಲ್ಲಿತು. ಆರಿಸುವ ಕೆಲಸವೂ ನನಗೇ ಬಂತು.

ಅತ್ತಿಗೆ: ಸೋಮವಾರ ನನ್ನ ಡಾಕ್ಟರಮ್ಮ ಇರ್ತಾರೆ. ನಿನಗೂ ಹೇಳಿ ಸಮಯ ತಗೋತೀನಿ.

ನಾದಿನಿ: ಭಾನುವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡ್ಸಿದೀನಿ.

ಅತ್ತಿಗೆ: ಕ್ಯಾನ್ಸಲ್ ಮಾಡು.

ನಾದಿನಿ: ಬೆಂಗಳೂರಲ್ಲಿ ತೋರಿಸ್ಕೋತೀನಿ ಅತ್ತಿಗೆ. ರಕ್ತಪರೀಕ್ಷೆ ಖಂಡಿತ. ಮನೋವೈದ್ಯರು... ನೋಡೋಣ.

ಅತ್ತಿಗೆ: ಅಲ್ಲಿ ಹೋಗಲ್ಲ ನೀನು. ಒಂದು ದಿನ ಇರು ಅಂದ್ರೆ ಏನಾಗತ್ತೆ?

ನಾದಿನಿ: ಸಾರು ಭಾನುವಾರದ ತನಕ ಮಾತ್ರ ಇದೆ.